ಲ್ಯಾಪ್‌ಟಾಪಿಗೆ ವಿಭೂತಿ ಹಚ್ಚಿದವಳು

ಶಿವಲೀಲಾ, ಬಸೂ,

ಇವತ್ತು ಬೆಳಿಗ್ಗೆ ಸ್ನಾನ ಮಾಡಿ ಬಂದು, ವಿಭೂತಿ ಗಟ್ಟಿಯನ್ನು ಒದ್ದೆ ಮಾಡಿ ಹಣೆಗೆ ಹಚ್ಚಿಕೊಂಡೆ. ನಿಮ್ಮ ಅಜ್ಜನ ಫೋಟೋಕ್ಕೂ ಹಚ್ಚಿದೆ. ಅಲ್ಲಿಗೆ ನಿಲ್ಲಬೇಕಾದ ಕೈ ತಾನಾಗಿಯೇ ಪಕ್ಕಕ್ಕೆ ಹೋಯಿತು. ಪಕ್ಕದಲ್ಲಿ ಈಗ ಬರೀ ಗೋಡೆ. ಮೂರು ಬೆರಳು ಗೋಡೆಗೆ ತಾಗುವ ಹೊತ್ತಿಗೆ ಎಚ್ಚರವಾಗಿ, ಯಾರಾದರೂ ನೋಡಿದರೇನೋ ಎಂದು ಬಾಗಿಲ ಕಡೆ ತಿರುಗಿದೆ. ಮನೆಯಲ್ಲಿ ನಾನೊಬ್ಬಳೇ ಇರುವುದು ಆಮೇಲೆ ನೆನಪಾಯಿತು.

ಈ ಮೂರು ಬೆರಳುಗಳು ಮಾಡಿದ ಒಂದು ಕೆಲಸವನ್ನು ನಿಮಗೆ ಹೇಳಬೇಕಾಗಿದೆ. ಬಾಯಿಂದ ಹೇಳುವ ಧೈರ್ಯ ನನಗಿಲ್ಲ. ಹೇಳಿದರೂ ಶಿವಲೀಲಾ, ನಿನ್ನ ಕಿವಿಗೆ ಅದು ತಲುಪುವುದಿಲ್ಲ. ಕೈಯಿಂದ ಹೇಳುವಷ್ಟು ಸನ್ನೆ ನನಗೆ ಇನ್ನೂ ಬಂದಿಲ್ಲ. ಉಳಿದದ್ದು ಕಾಗದ. ಬಸೂ, ನಿನಗೆ ಇಷ್ಟು ಉದ್ದ ಓದುವುದು ಕಷ್ಟವಾದರೆ ಅಕ್ಕನ ಎದುರಿಗೆ ಕೂತು ನೋಡು. ಅವಳು ಓದಿ ಕೈಯಲ್ಲಿ ಹೇಳುತ್ತಾಳೆ, ನಿನಗೆ ಅದು ಈಗ ನನಗಿಂತ ಚೆನ್ನಾಗಿ ತಿಳಿಯುತ್ತದೆ.

ನನ್ನ ನಾಚಿಕೆ ಮೊದಲಿನಿಂದಲೂ ಇದ್ದದ್ದು. ಬೋನಾಳದ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಹಾಜರಿ ಕರೆಯುವಾಗ ಎಲ್ಲರೂ ‘ಹಾಜರ್ ಸರ್’ ಎಂದು ಕೂಗುತ್ತಿದ್ದರು. ನನಗೆ ದನಿ ಹೊರಡುತ್ತಿರಲಿಲ್ಲ, ಕೈ ಎತ್ತುತ್ತಿದ್ದೆ. ಮಾಸ್ತರರು ತಲೆ ಎತ್ತಿ ನೋಡಿದ ದಿನ ನಾನು ಶಾಲೆಗೆ ಬಂದಿದ್ದೆ, ನೋಡದ ದಿನ ಬಂದಿರಲಿಲ್ಲ. ಆ ಲೆಕ್ಕದಲ್ಲಿ ನಾನು ಅರ್ಧ ಶಾಲೆ ಕಲಿತವಳು.

ಇಂಥವಳಿಗೆ ನಿಮ್ಮ ಅಜ್ಜ ಸಿಕ್ಕಿದರು. ಅವರು ಭೀಮರಾಯನಗುಡಿಯ ಕಾಲುವೆ ಕಚೇರಿಯಲ್ಲಿ ಟೈಪಿಸ್ಟ್. ಬೆರಳುಗಳಿಂದಲೇ ಅನ್ನ ತಿಂದ ಮನುಷ್ಯ ಎಂದು ತಮ್ಮನ್ನು ತಾವೇ ಹೇಳಿಕೊಂಡು ನಗುತ್ತಿದ್ದರು. ನಿವೃತ್ತರಾಗಿ ನಾವು ಶಹಾಪುರದಲ್ಲಿ ಈ ಬಾಡಿಗೆ ಮನೆಗೆ ಬಂದ ಮೇಲೆ ಆ ಬೆರಳುಗಳಿಗೆ ಕೆಲಸವಿಲ್ಲದಾಯಿತು. ಕೂತಲ್ಲಿ ತೊಡೆಯ ಮೇಲೆ ಏನೋ ಟೈಪ್ ಮಾಡುತ್ತಿದ್ದರು. ಅದನ್ನು ನೋಡಲಾರದೆ ಅವರ ಗೆಳೆಯರೊಬ್ಬರು ತಮ್ಮ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಲ್ಯಾಪ್‌ಟಾಪ್ ಕೊಟ್ಟರು. ಹೆಸರಿಗೆ ತೊಡೆಯ ಮೇಲೆ ಇಟ್ಟುಕೊಳ್ಳುವ ಯಂತ್ರ, ಭಾರದಲ್ಲಿ ರುಬ್ಬುವ ಕಲ್ಲು. ಅದರ ಗುಂಡಿ ಒತ್ತಿ ನಾನು ಚಹಾ ಕುದಿಸಿ, ಸೋಸಿ, ಅವರು ಕುಡಿದು ಲೋಟ ಕೆಳಗಿಟ್ಟರೂ ಅದು ಇನ್ನೂ ಕಣ್ಣು ಬಿಡುತ್ತಲೇ ಇರುತ್ತಿತ್ತು.

ಹಳೆಯ ಯಂತ್ರಕ್ಕೆ ಲಿನಕ್ಸ್ ಎಂಬುದು ಹಗುರ ಎಂದು ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ಒಂದು ದಿನ ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು ಬಂದರು. ಪರದೆಯೆಲ್ಲ ಕಪ್ಪಾಗಿ, ಅದರ ಮೇಲೆ ಬಿಳಿ ಅಕ್ಷರಗಳು ಸರಸರ ಓಡತೊಡಗಿದಾಗ ನಾನು ಕೆಟ್ಟೇಹೋಯಿತೆಂದು ಬಾಗಿಲಲ್ಲಿ ನಿಂತೆ.

“ಕೆಟ್ಟಿಲ್ಲ, ಎಚ್ಚರಾಗಾಕತ್ತದ” ಅಂದರು. “ಇದ್ರಾಗ ಒತ್ತೂದು ಕಮ್ಮಿ, ಟೈಪ್ ಮಾಡೂದು ಜಾಸ್ತಿ. ಬರದು ಹೇಳಿದ್ರ ಮಾಡ್ತದ. ನನ್ನಂಥಾವ್ನ ಸಲುವಾಗೇ ಮಾಡ್ಯಾರ.”

ಕಲಿತದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಇಂಗ್ಲಿಷಿನ ಆಜ್ಞೆ, ಅದರ ಕೆಳಗೆ ಅದು ಏನು ಮಾಡುತ್ತದೆಂದು ಕನ್ನಡದಲ್ಲಿ. ಎಲ್ಲ ಸರಿಹೋದರೂ ವೈಫೈ ಮಾತ್ರ ಎಂಟು ದಿನ ಬರಲಿಲ್ಲ. ಒಳಗಿನ ಕಾರ್ಡು ಹಳೆಯದು, ಅದಕ್ಕೆ ಬೇಕಾದ ಒಂದು ಸಣ್ಣ ಫೈಲು ಇದರಲ್ಲಿರಲಿಲ್ಲ. ಅದನ್ನು ಇಂಟರ್ನೆಟ್ಟಿನಿಂದ ತರಬೇಕು, ಇಂಟರ್ನೆಟ್ಟಿಗೆ ಹೋಗಲು ಅದೇ ಫೈಲು ಬೇಕು. ನಿಮ್ಮ ಅಜ್ಜ ಗೆಳೆಯರ ಕಂಪ್ಯೂಟರಿನಿಂದ ಮೂರು ಸಲ ಬೇರೆ ಬೇರೆ ಫೈಲು ತಂದು, ಮೂರನೆಯ ಸಲ ಸರಿಯಾದದ್ದು ತಂದರು. ಅಂದು ಅವರು ಕೂಗಿದ ಕೂಗಿಗೆ ಮೇಲಿನ ಮನೆಯ ಮಾಲೀಕರು ಇಳಿದು ಬಂದರು. ತಮ್ಮ ವೈಫೈಯನ್ನೇ ಬಳಸಿಕೊಳ್ಳಿರೆಂದು ಪಾಸ್‌ವರ್ಡ್ ಕೊಟ್ಟು ಹೋದರು.

ಇಷ್ಟೆಲ್ಲ ಏಕೆ ಬೇಕಿತ್ತು ಎಂದರೆ, ನಿನಗಾಗಿ ಶಿವಲೀಲಾ. ಆ ವರ್ಷವೇ ನಿನ್ನನ್ನು ಕಲಬುರಗಿಯ ಕಿವಿ ಕೇಳದ ಮಕ್ಕಳ ಶಾಲೆಗೆ ಸೇರಿಸಿದ್ದೆವು. ನಿಮ್ಮ ಅಪ್ಪ ಅವ್ವ ಸೈದಾಪುರದಲ್ಲಿ ಕೋಣೆ ಮಾಡಿಕೊಂಡು ಕಡೇಚೂರಿನ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರು. ಭಾನುವಾರವೂ ಅವರಿಗೆ ಬಿಡುವಿಲ್ಲ. ನನ್ನದು ಗುಂಡಿಯ ಫೋನು, ಅದರಲ್ಲಿ ಬರೀ ದನಿ. ಹಾಸ್ಟೆಲಿನಲ್ಲಿ ಭಾನುವಾರ ಹತ್ತು ಗಂಟೆಗೆ ನಿನ್ನ ಸರದಿ, ಹತ್ತು ನಿಮಿಷ. ಕೈಯಲ್ಲಿ ಮಾತಾಡಲು ಎರಡು ಕೈಯೂ ಬಿಡುವಿರಬೇಕು, ಕಾಣಲು ದೊಡ್ಡ ಪರದೆ ಬೇಕು. ನಿಮ್ಮ ಅಜ್ಜ ಅರವತ್ತು ದಾಟಿದ ಮೇಲೆ ಆ ಭಾಷೆ ಕಲಿತರು. ನಿನ್ನಿಂದಲೇ ಕಲಿತರು. ಅವರ ಕೈ ನಿಧಾನ, ನೀನು ನಗುತ್ತಿದ್ದೆ.

ಮನೆಯವರಿಗೆಲ್ಲ ಕೈಹೆಸರು ಇಟ್ಟವಳು ನೀನೇ. ಬಸುವಿಗೆ ಮುಂಭಾಗದ ಮುರಿದ ಹಲ್ಲು ಮುಟ್ಟಿಕೊಳ್ಳುವುದು. ಅಜ್ಜನಿಗೆ ಮೂಗಿನ ಮೇಲೆ ಜಾರುವ ಕನ್ನಡಕವನ್ನು ಒಂದು ಬೆರಳಿಂದ ಮೇಲೆ ತಳ್ಳುವುದು. ನನ್ನ ಹೆಸರು ಸೆರಗಿನಿಂದ ಬಾಯಿ ಮುಚ್ಚುವುದು. ನಿನ್ನ ವಾರಗೆಯ ಹುಡುಗಿಯರೆಲ್ಲ ಆ ಹೆಸರಿಂದಲೇ ನನ್ನನ್ನು ಬಲ್ಲರಂತೆ. ನೋಡದೆಯೂ ನಾನೆಂಥವಳೆಂದು ಅವರಿಗೆ ತಿಳಿದಿರಬೇಕು.

“ಬಾ ಇಲ್ಲೆ, ನೀನೂ ಒಂದೀಟು ಕೈ ಆಡಸು. ಹುಡಿಗಿ ನೋಡಾಕತ್ಯಾಳ” ಎಂದು ಪ್ರತಿ ಭಾನುವಾರ ಕರೆಯುತ್ತಿದ್ದರು.

“ನನಗ ನಾಚಿಕಿ ಬರ್ತದ. ನೀವೇ ಮಾತಾಡ್ರಿ.”

“ನಾಚಿಕಿ ಏನದ ಇದ್ರಾಗ? ದನಿ ತೆಗ್ಯಾದಿಲ್ಲ, ಬಾಯಿ ತೆಗ್ಯಾದಿಲ್ಲ. ಖರೇ ಅಂದ್ರ ಇದು ನಿನ್ನ ಭಾಷಾ.”

ನಾನು ಅವರ ಹೆಗಲ ಹಿಂದೆ ಇಣುಕಿ, ಕೈ ಬೀಸಿ, ಅಡಿಗೆ ಮನೆಗೆ ಹೋಗುತ್ತಿದ್ದೆ. ಎದುರಿಗೆ ಕಲಿಯಲಾರಳು ಎಂದು ಗೊತ್ತಾಗಿ, ಅವರು ಲ್ಯಾಪ್‌ಟಾಪಿನಲ್ಲೇ ತಾವು ಸನ್ನೆ ಮಾಡುವುದನ್ನು ಚಿತ್ರ ಹಿಡಿದು ‘ಅಜ್ಜಿಗೆ’ ಎಂದು ಹೆಸರಿಟ್ಟು ಇಟ್ಟರು. ಒಬ್ಬಳೇ ಇದ್ದಾಗ ನೋಡಿ ಕಲಿ ಎಂದರು. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನನಗಾಗಿ, ಮುಚ್ಚಳ ತೆಗೆಯುವುದರಿಂದ ಹಿಡಿದು ನಿನ್ನ ಚಿತ್ರ ಒತ್ತಿದರೆ ನಿನ್ನ ಹಾಸ್ಟೆಲಿಗೆ ಕರೆ ಹೋಗುವವರೆಗೆ ಎಲ್ಲ ಬರೆದರು. ಕೊನೆಯ ಸಾಲು ಹೀಗಿದೆ: ‘ಹೆದರಬೇಡ. ನೀನು ಮುಟ್ಟಿದರೆ ಏನೂ ಕೆಡುವುದಿಲ್ಲ.’

ನಾನು ಮುಟ್ಟಲಿಲ್ಲ. ಅವರಿದ್ದರಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಅವರು ಬಚ್ಚಲಲ್ಲಿ ಬಿದ್ದರು. ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಮಧ್ಯಾಹ್ನದ ಹೊತ್ತಿಗೆ ನಿಮ್ಮ ಅಪ್ಪ ಅವ್ವ, ಆಗಿನ್ನೂ ಕೈಮಾತು ಬಾರದ ಚಿಕ್ಕ ಬಸುವನ್ನು ಕರೆದುಕೊಂಡು ಬಂದರು. ನಮ್ಮ ಮಂದಿಯಲ್ಲಿ ಮಾಡುವಂತೆ ಅವರನ್ನು ಕುರ್ಚಿಯಲ್ಲಿ ಕೂಡಿಸಿ, ವಿಭೂತಿ ಹಚ್ಚಿ, ಹೂವು ಹಾಕಿದ್ದೆವು. ಆಗ ನಿನ್ನ ಮಾತು ಬಂತು.

“ದೊಡ್ಡ ಹುಡಿಗಿಗಿ ಹ್ಯಾಂಗ ಹೇಳ್ತೀರಿ?” ಎಂದು ಓಣಿಯ ಹಿರಿಯರೊಬ್ಬರು ಕೇಳಿದರು. “ಆ ಕೈ ಮಾತು ಯಾರಿಗಿ ಬರ್ತದ?”

ಎಲ್ಲರೂ ಒಮ್ಮೆಲೇ ಕುರ್ಚಿಯ ಕಡೆ ನೋಡಿದರು. ಹೇಳಲು ಬಲ್ಲವರು ಅವರೊಬ್ಬರೇ ಆಗಿದ್ದರು.

ನಿಮ್ಮ ಅಪ್ಪ ತಲೆ ತಗ್ಗಿಸಿ, “ಪರೀಕ್ಷಾ ಮುಗೀಲಿ ಯವ್ವಾ. ಮುಗದ ಮ್ಯಾಲ ನಾನ ಹೋಗಿ ಕರಕೊಂಡು ಬರ್ತೀನಿ. ಈಗ ಹೇಳಬ್ಯಾಡ್ರಿ ಅಂತ ಹಾಸ್ಟೆಲ್ ಮೇಡಂಗೂ ಫೋನ್ ಮಾಡೀನಿ” ಅಂದ. ಅವನನ್ನು ಬೈಯಬೇಡ ಶಿವಲೀಲಾ. ಅವನಿಗೆ ನಿನ್ನ ಭಾಷೆಯಲ್ಲಿ ಉಣ್ಣು, ಬಾ, ಮಲಗು ಅನ್ನುವುದು ಬಿಟ್ಟು ಬೇರೆ ಬರುವುದಿಲ್ಲ. ಅಷ್ಟರಲ್ಲಿ ಈ ಸುದ್ದಿಯನ್ನು ಹೇಗೆ ಹೇಳಿಯಾನು? ನನಗೆ ಅಷ್ಟೂ ಬರುತ್ತಿರಲಿಲ್ಲ. ಆದರೂ ತಲೆಯಾಡಿಸಿದ್ದು ನಾನು. ಆ ತಲೆಯಾಡಿಸಿದ್ದು ನನ್ನ ಮೊದಲ ತಪ್ಪು.

ಎರಡನೆಯದು ಹೀಗೆ. ಮೂರನೆಯ ದಿನ ಗೋಡೆಗೆ ಹಲಗೆ ಹೊಡೆದು ಫೋಟೋ ಇಟ್ಟೆವು. ಅವರಿಗೆ ಪ್ರಿಯವಾದದ್ದು ಪಕ್ಕದಲ್ಲಿರಲಿ ಎಂದು ನಾನು ಲ್ಯಾಪ್‌ಟಾಪನ್ನು ಮುಚ್ಚಿ, ಫೋಟೋದ ಹಾಗೆಯೇ ಗೋಡೆಗೆ ನಿಲ್ಲಿಸಿದೆ. ಬಾಯಿ ತೆರೆಯುವ ಅಂಚು ಮೇಲಕ್ಕೆ ಬಂತು. ದಿನಾ ಸ್ನಾನವಾದ ಮೇಲೆ ಹಿಂದಿನ ದಿನದ ವಿಭೂತಿಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ಮೇಲಿನ ಅಂಚಿನಿಂದ ಹಿಡಿದು ಹೊಸದಾಗಿ ಮೂರು ಎಳೆ ಹಚ್ಚುವುದು, ಒಂದು ಹೂವು ಇಡುವುದು. ಯಾರೂ ಬೇಡವೆನ್ನಲಿಲ್ಲ. ಬಂದವರು ಅದಕ್ಕೂ ಕೈ ಮುಗಿದು ಹೋದರು.

ಮೊದಲ ಭಾನುವಾರ ಮನೆ ತುಂಬ ಜನ. ಹತ್ತು ಗಂಟೆಗೆ ನೀನು ಅಲ್ಲಿ ಪರದೆಯ ಮುಂದೆ ಕೂತಿದ್ದೆ. ಇಲ್ಲಿ ನಾನು ಅದೇ ಹೊತ್ತಿಗೆ ಅದಕ್ಕೆ ಹೂವು ಇಡುತ್ತಿದ್ದೆ.

ಎರಡನೆಯ ಭಾನುವಾರ ತಡೆಯಲಾಗಲಿಲ್ಲ. ಒಬ್ಬಳೇ ಇದ್ದೆ. ಹೂವು ತೆಗೆದು, ಮುಚ್ಚಳ ತೆರೆದು, ನೋಟ್‌ಬುಕ್ಕು ನೋಡಿಕೊಂಡು ಗುಂಡಿ ಒತ್ತಿದೆ. ಎಲ್ಲ ಬಂತು. ನಿನ್ನ ಚಿತ್ರವೂ ಬಂತು. ಒತ್ತಿದರೆ ಕರೆ ಹೋಗಲಿಲ್ಲ. ಮೂಲೆಯಲ್ಲಿ ವೈಫೈಯ ಗುರುತು ಇರಬೇಕಾದಲ್ಲಿ ಅಡ್ಡಗೆರೆ. ನೋಟ್‌ಬುಕ್ಕಿನಲ್ಲಿ ಹೇಳಿದಂತೆ ಯಂತ್ರವನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ, ಬರಲಿಲ್ಲ.

ಈಗ ಬರೆಯುವುದನ್ನು ಎರಡು ಸಲ ಬರೆದು ಹರಿದು ಹಾಕಿದ್ದೇನೆ. ಅಡ್ಡಗೆರೆ ನೋಡಿ ನನಗೆ ಸಮಾಧಾನವಾಯಿತು, ಶಿವಲೀಲಾ. ಇನ್ನು ನಾನು ನಿನ್ನ ಮುಖ ನೋಡಬೇಕಾಗಿಲ್ಲ, ಹೇಳಬೇಕಾಗಿಲ್ಲ, ಯಂತ್ರವೇ ಕೆಟ್ಟಿದೆ ಎಂದುಕೊಂಡೆ. ಮುಚ್ಚಿ, ಒರೆಸಿ, ಮತ್ತೆ ವಿಭೂತಿ ಹಚ್ಚಿ ನಿಲ್ಲಿಸಿದೆ. ಮೂರನೆಯ ಭಾನುವಾರ ತೆರೆಯಲೂ ಇಲ್ಲ. ಹತ್ತು ಗಂಟೆಗೆ ಅಕ್ಕಿ ಆರಿಸುತ್ತ ಕೂತೆ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದೆ.

ಆ ವಾರದ ಬುಧವಾರ ಅಂಚೆಯವನು ಅಜ್ಜನ ಹೆಸರಿಗೆ ಒಂದು ಕಾಗದ ತಂದ. ನಿನ್ನ ಅಕ್ಷರ. ಅದು ಈಗಲೂ ನನ್ನ ಹತ್ತಿರ ಇದೆ.

‘ಅಜ್ಜಾ, ನಿನ್ನ ಕೈ ಎಮ್ಮೆಯ ಹಾಗೆ ನಡೆಯುತ್ತದೆ ಎಂದು ನಾನು ನಕ್ಕೆ. ಅದಕ್ಕೆ ಸಿಟ್ಟು ಬಂತಾ? ಮೂರು ಭಾನುವಾರ ನೀನು ಬರಲಿಲ್ಲ. ನನ್ನ ಹತ್ತು ನಿಮಿಷ ಸುಮ್ಮನೆ ಹೋಯಿತು. ಇನ್ನು ನಗುವುದಿಲ್ಲ. ಈ ಭಾನುವಾರ ಬಾ.’

ನಿಂತಲ್ಲೇ ಓದಿದೆ. ಅವರು ನಿನ್ನ ಆ ಎಮ್ಮೆಯ ಮಾತನ್ನು ನನಗೆ ಹೇಳಿ ಎಷ್ಟು ನಕ್ಕಿದ್ದರೆಂದು ನಿನಗೆ ಗೊತ್ತಿಲ್ಲ. ಇಡೀ ದಿನ ಎಮ್ಮೆಯಂತೆ ನಡೆದು ತೋರಿಸಿದ್ದರು. ಮುಂದಿನ ಭಾನುವಾರ ನಿನಗೂ ತೋರಿಸುವವರಿದ್ದರು. ನೀನು ಮಾತ್ರ, ನಿನ್ನ ನಗೆಯಿಂದಲೇ ಅಜ್ಜ ದೂರವಾದರೆಂದು ಅಲ್ಲಿ ಒಬ್ಬಳೇ ನಂಬಿಕೊಂಡು ಕೂತಿದ್ದೆ. ಇನ್ನೊಂದು ಭಾನುವಾರ ಹೋದರೆ ಆ ನಂಬಿಕೆ ಗಟ್ಟಿಯಾಗಿಬಿಡುತ್ತಿತ್ತು.

ಗಂಡ ಹೋದವಳು ತಿಂಗಳು ತುಂಬುವವರೆಗೆ ಹೊಸ್ತಿಲು ದಾಟಬಾರದು, ದಾಟುವ ಮೊದಲ ಹೆಜ್ಜೆ ತವರಿಗೇ ಇರಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ತವರಿನವರು ತಾವಾಗಿ ಬಂದು ಕರೆಯಬೇಕು. ಕರೆಯಿರಿ ಎಂದು ನಾವೇ ಹೇಳುವುದು ಚೆಂದವಲ್ಲ. ನಾನು ಬೋನಾಳಕ್ಕೆ ಫೋನು ಮಾಡಿ, ನನ್ನ ತಮ್ಮ ಮಲ್ಲಪ್ಪನಿಗೆ, ನಾಳೆ ಬಂದು ಕರೆದುಕೊಂಡು ಹೋಗು ಎಂದೆ.

“ಇನ್ನಾ ಆರು ದಿನ ಅದಾವಲ್ಲಕ್ಕಾ. ಮಂದಿ ಏನಂದಾರು?”

“ಮಂದಿಗಿ ನಾನು ಉತ್ತರ ಕೊಡ್ತೀನಿ. ನೀ ಬಾ.”

ಮಂದಿಗೆ ನಾನು ಉತ್ತರ ಕೊಡುವುದನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಮರುದಿನ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಸುರಪುರದ ಬಸ್ಸು ಹತ್ತಿದೆ. “ತವರಿಗಿ ಹೋಗೋ ಹೆಣ್ಮಗಳು ಕೂಸಿನ ಎತ್ತಗೊಂಡು ಹೋಗೂದು ಕಂಡೀನಿ, ಕಂಪ್ಯೂಟರ್ ಎತ್ತಗೊಂಡು ಹೋಗೂದು ಇದೇ ಮೊದಲ್ನೇದು” ಎಂದು ತಮ್ಮ ಗೊಣಗಿದ. ಆದರೂ ಸುರಪುರದಲ್ಲಿ ಇಳಿದು, ಬೋನಾಳದ ಬಸ್ಸು ಬಿಟ್ಟು, ಕೇಳಿಕೊಂಡು ಕೇಳಿಕೊಂಡು ಒಂದು ರಿಪೇರಿ ಅಂಗಡಿಗೆ ಕರೆದೊಯ್ದ. ಮೊದಲ ಹೆಜ್ಜೆ ತವರಿಗಿಡಬೇಕಾದ ನಾನು ಅದನ್ನು ಇಟ್ಟದ್ದು ಅಲ್ಲಿ.

ಅಂಗಡಿ ನಡೆಸುವವಳು ಶಮೀಮ್ ಎಂಬ ನಲವತ್ತರ ಹೆಣ್ಣುಮಗಳು. ಬುರ್ಖಾ ಬಾಗಿಲ ಹಿಂದಿನ ಮೊಳೆಗೆ ತೂಗಿತ್ತು, ಹಣೆಯ ಮೇಲೆ ಭೂತಗನ್ನಡಿಯ ಪಟ್ಟಿ. ಯಂತ್ರ ಶುರುಮಾಡಿ ನೋಡಿದವಳೇ, “ಯಾ ಅಲ್ಲಾ, ಲಿನಕ್ಸ್! ಯಾರು ಹಾಕ್ಯಾರಪ್ಪಾ ಇದನ್ನ?” ಅಂದಳು.

“ನಮ್ಮ ಮಾವನೋರು. ಟೈಪಿಸ್ಟ್ ಇದ್ರು” ಎಂದ ತಮ್ಮ. “ನೆಟ್ ಹಿಡಿಯಂಗಿಲ್ರಿ.”

“ಎಲ್ಲಾ ಅಳಸಿ ಬ್ಯಾರೇದು ಹಾಕಿಕೊಡ್ಲೇನ್ರಿ ಅಮ್ಮಾ? ತಾಸಿನ ಕೆಲಸ.”

“ಬ್ಯಾಡ!” ಅಂದೆ. ಎಷ್ಟು ಜೋರಾಗಿ ಅಂದೆನೆಂದರೆ ತಮ್ಮ ಬೆಚ್ಚಿ ನನ್ನನ್ನೇ ನೋಡಿದ. “ಅಳಸಬ್ಯಾಡ್ರಿ. ಅದ್ರಾಗ ಅವರ ಕೈ ಅದಾವ.”

ಅವಳು ನನ್ನ ಹಣೆ ನೋಡಿದಳು, ಕೈ ನೋಡಿದಳು, ಅಳಿಸುವ ಮಾತು ಬಿಟ್ಟಳು. ನಾನು ನೋಟ್‌ಬುಕ್ಕು ಕೊಟ್ಟೆ. ಹಾಳೆ ತಿರುಗಿಸುತ್ತ, “ಇಷ್ಟು ಚಂದ ಯಾರ ಬರದಿಡ್ತಾರ್ರಿ” ಎಂದು ತನ್ನಷ್ಟಕ್ಕೇ ಹೇಳಿಕೊಂಡು, ಕಪ್ಪು ಪರದೆ ತೆರೆದು ಏನೋ ಬರೆದಳು. ಎರಡು ಸಾಲು ಉತ್ತರ ಬಂತು.

“ಇಲ್ಲಿ ನೋಡ್ರಿ. ವೈಫೈಗೆ ಎರಡು ಚಿಲಕ. ಒಳಗಿಂದು ತೆಗದದ, ಹೊರಗಿಂದು ಹಾಕೇದ. ಒಳಗಿಂದಾದ್ರ ನಾ ಬರದು ತೆಗೀತಿದ್ದೆ. ಹೊರಗಿಂದು ಯಾರೋ ಕೈಲೆ ಹಾಕಿದ್ದು.”

“ಯಾರು ಹಾಕ್ತಾರ? ಮನ್ಯಾಗ ಈಕಿ ಒಬ್ಬಾಕಿ ಇದ್ಲು” ಎಂದ ತಮ್ಮ.

ಶಮೀಮ್ ಯಂತ್ರ ಮುಚ್ಚಿ, ಅಂಚನ್ನು ಬೆಳಕಿಗೆ ಹಿಡಿದು ಕನ್ನಡಿ ಇಳಿಸಿದಳು. “ಇಲ್ಲೊಂದು ಸಣ್ಣ ಸ್ವಿಚ್ ಅದ. ಬಂದ್ ಕಡೆ ಸರದು ಕುಂತದ. ಹೊಳ್ಳಿ ಸರಿಯಂಗಿಲ್ಲ. ಬೆಳ್ಳಗ ಏನೋ ತುಂಬಿ ಗಟ್ಟಿ ಆಗೇದ. ಸುಣ್ಣಾ ಏನ್ರಿ ಇದು?”

ನನಗೆ ಎಲ್ಲ ಕಂಡಿತು. ಮೇಲೆ ಬಂದ ಅಂಚು, ಒದ್ದೆ ಬಟ್ಟೆ ಎಳೆದ ಎಳೆತ, ಇಳಿದು ಹೋದ ವಿಭೂತಿಯ ನೀರು.

“ಈಬತ್ತಿ” ಅಂದೆ.

ತಮ್ಮ ನಗಲು ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿದ. ಶಮೀಮ್ ನಗಲಿಲ್ಲ. ಬ್ರಷ್ಷಿನಿಂದ ಮೆಲ್ಲಗೆ ಕೆರೆಯುತ್ತ ಹೇಳಿದಳು: “ನಮ್ಮ ಅಬ್ಬಾ ಹೋದ ಮ್ಯಾಲ ಅವರ ರೇಡಿಯೋಕ್ಕ ನಮ್ಮ ಅಮ್ಮಿ ದಿನಾ ಅತ್ತರ್ ಹಚ್ತಿದ್ಲರಿ. ಪೂರಾ ಆರು ತಿಂಗಳ. ಕೊನಿಗಿ ಅದರ ದನೀನೇ ಹೋತು. ವಾಸನಿ ಮಾತ್ರ ಇನ್ನಾ ಅದ.”

ಹಾಗೆ ಹೇಳುತ್ತಿರುವಾಗಲೇ ಸ್ವಿಚ್ಚಿನ ತಲೆ ಕಟ್ ಎಂದು ಮುರಿದು ಅವಳ ಅಂಗೈಗೆ ಬಿತ್ತು. ಒಂದು ಜೋಳದ ಕಾಳಿನಷ್ಟು. ಇಂಥದ್ದು ಈಗ ಎಲ್ಲೂ ಸಿಗುವುದಿಲ್ಲ ಎಂದಳು. ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ‘ನೀನು ಮುಟ್ಟಿದರೆ ಏನೂ ಕೆಡುವುದಿಲ್ಲ’ ಎಂಬ ಸಾಲು ಅವಳ ಮೇಜಿನ ಮೇಲೆ ತೆರೆದೇ ಇತ್ತು.

ಅವಳು ಬಹಳ ಹೊತ್ತು ಗಲ್ಲಕ್ಕೆ ಕೈಹಚ್ಚಿ ಕೂತಿದ್ದಳು. ಆಮೇಲೆ ಯಂತ್ರವನ್ನು ಬೋರಲು ಹಾಕಿ, ತಿರುಪುಗಳನ್ನು ಬಿಚ್ಚಿ, ಒಳಗಿನಿಂದ ಅರ್ಧ ಬಿಸ್ಕಿಟಿನಷ್ಟು ದೊಡ್ಡ ಹಸಿರು ಹಲಗೆ ತೆಗೆದಳು. ಅದೇ ವೈಫೈ ಕಾರ್ಡು. ಅಂಚಿಗೆ ಸಾಲಾಗಿ ಬಂಗಾರದ ಬಣ್ಣದ ಹಲ್ಲುಗಳು. ಮೊಬೈಲಿನಲ್ಲಿ ಒಂದು ಚಿತ್ರ ತೆರೆದುಕೊಂಡು, ಸೂಜಿಯ ಮೊನೆಯಿಂದ ಹಲ್ಲುಗಳನ್ನು ಒಂದೊಂದೇ ಎಣಿಸಿದಳು.

“ಸ್ವಿಚ್ ಹೇಳೂದು ಈ ಒಂದು ಹಲ್ಲಿನಿಂದ ಕಾರ್ಡಿಗೆ ಕೇಳ್ತದ್ರಿ. ಅದು ‘ಬಂದ್ ಆಗು, ಬಂದ್ ಆಗು’ ಅಂತ ಹೇಳ್ಕೋತ ಕುಂತದ. ಈ ಹಲ್ಲಿನ ಮ್ಯಾಲ ಪಟ್ಟಿ ಹಚ್ಚಿದ್ರ ಆ ಮಾತು ಒಳಗ ಹೋಗಂಗಿಲ್ಲ.”

“ಅಂದ್ರ ಅದನ್ನ ಕಿವುಡ ಮಾಡೂದೇನ್ರಿ?” ತಮ್ಮ ಕೇಳಿದ.

“ಹೂನ್ರಿ. ಕಿವುಡಾದ್ರ ಮಾತಾಡ್ತದ.”

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ನೀನಿಟ್ಟ ಹೆಸರಿನಂತೆಯೇ.

ಶಾಖ ತಡೆಯುವ ಹಳದಿ ಪಟ್ಟಿಯನ್ನು ಬ್ಲೇಡಿನಿಂದ ಅಕ್ಕಿಯ ಕಾಳಿನಷ್ಟು ತೆಳ್ಳಗೆ ಸೀಳಿ, ಚಿಮಟದಿಂದ ಹಚ್ಚಿದಳು. ಮೊದಲ ಸಲ ಪಕ್ಕದ ಹಲ್ಲಿಗೂ ತಾಗಿ, ಕಾರ್ಡೇ ಇಲ್ಲವೆಂದು ಯಂತ್ರ ಹೇಳಿತು. ಎರಡನೆಯ ಸಲ ಉಸಿರು ಹಿಡಿದು ಹಚ್ಚಿದಳು. ಮೂಲೆಯ ಅಡ್ಡಗೆರೆ ಹೋಗಿ ಸುತ್ತಲಿನ ಅಂಗಡಿಗಳ ವೈಫೈ ಹೆಸರುಗಳು ಒಂದರ ಕೆಳಗೊಂದು ಬಂದವು. ತಮ್ಮ ಅವನ್ನೆಲ್ಲ ಗಟ್ಟಿಯಾಗಿ ಓದಿದ, ಹಾಜರಿ ಕರೆದಂತೆ.

ಹೊರಡುವಾಗ ಶಮೀಮ್, “ಅಮ್ಮಾ, ಇನ್ನ ಮ್ಯಾಲ ಇದಕ್ಕ ಈಬತ್ತಿ ಹಚ್ಚಬ್ಯಾಡ್ರಿ. ದಿನಾ ಒಮ್ಮೆ ಚಾಲೂ ಮಾಡ್ರಿ. ಅದೇ ಅದರ ಪೂಜಾ” ಅಂದಳು.

ಬೋನಾಳದಲ್ಲಿ ಎರಡು ದಿನ ‘ಅಜ್ಜಿಗೆ’ ಎಂದು ಇಟ್ಟದ್ದನ್ನೆಲ್ಲ ನೋಡಿದೆ. ಬ್ಯಾಟರಿ ಕಾಲು ತಾಸು ಸಹ ತಡೆಯುತ್ತಿರಲಿಲ್ಲ, ಅದಕ್ಕೆ ಪ್ಲಗ್ಗಿನ ಪಕ್ಕ ಗೋಡೆಗಂಟಿ ಕೂತೆ. ನೀರು, ರೊಟ್ಟಿ, ಮಳೆ, ಬಸ್ಸು, ಜ್ವರ ಬಂದಿದೆಯಾ, ಚೆನ್ನಾಗಿ ಓದು, ಯಾವಾಗ ಬರುತ್ತೀ. ಪ್ರತಿಯೊಂದರ ಕೊನೆಗೆ ಕನ್ನಡಕ ಮೇಲೆ ತಳ್ಳಿ ನನ್ನನ್ನು ನೋಡಿ ನಗುತ್ತಿದ್ದರು. ನಲವತ್ತು ಪಾಠ. ಸಾವಿನ ಸನ್ನೆ ಯಾವುದರಲ್ಲೂ ಇರಲಿಲ್ಲ. ಅದು ಬೇಕಾದೀತೆಂದು ಅವರಿಗೆ ಹೊಳೆದಿರಲಿಲ್ಲ, ಇಲ್ಲವೇ ಹೊಳೆದೂ ಬಿಟ್ಟಿದ್ದರು.

“ನನಗ ಬರಂಗಿಲ್ಲ ಮಲ್ಲಾ” ಎಂದು ಶನಿವಾರ ತಮ್ಮನ ಮುಂದೆ ಅತ್ತೆ.

“ಏನ್ ಬರಂಗಿಲ್ಲ? ಜ್ವಾಳದ ಹೊಲದಾಗ ಅಟ್ಟದ ಮ್ಯಾಲ ನಿಂತು ಹಕ್ಕಿ ಕಾಯೂ ಮುಂದ ನನ್ನ ಕೂಡ ಹ್ಯಾಂಗ ಮಾತಾಡ್ತಿದ್ದಿ? ಟವೆಲ್ ಒಮ್ಮೆ ಬೀಸಿದ್ರ ಅವ್ವ ಕರೀತಾಳ, ಎರಡು ಸರ್ತಿ ಬೀಸಿದ್ರ ಬುತ್ತಿ ಬಂತು. ಕುಂತ್ರ ಹಾವು ಅದ. ಬಾಯಿಲೆ ಒಂದು ಮಾತು ಆಡಿದಾಕಿ ಅಲ್ಲ ನೀ, ಆದ್ರೂ ಬುತ್ತಿ ತಪ್ಪಿಸಿದಾಕಿನೂ ಅಲ್ಲ.”

ಅದನ್ನು ನಾನು ಭಾಷೆ ಎಂದು ಯಾವತ್ತೂ ಲೆಕ್ಕಕ್ಕಿಟ್ಟಿರಲಿಲ್ಲ.

ಭಾನುವಾರ ಹಾಸ್ಟೆಲಿಗೆ ತಮ್ಮನಿಂದ ಫೋನು ಮಾಡಿಸಿ, ಇವತ್ತು ಅಜ್ಜಿ ತಾನೇ ಹೇಳುತ್ತಾಳಂತೆ ಎಂದು ಮೇಡಂಗೆ ತಿಳಿಸಿದೆವು. ತವರುಮನೆಯೊಳಗೆ ನೆಟ್ಟು ಸರಿಯಾಗಿ ಸಿಗದು. ಕೆರೆಯ ಏರಿಯ ಮೇಲೆ ಹೋಗಿ, ಕಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆವು. ತಮ್ಮ ತನ್ನ ಮೊಬೈಲಿನ ನೆಟ್ಟನ್ನು ಅದಕ್ಕೆ ಕೊಟ್ಟು, ಪರದೆಗೆ ಬಿಸಿಲು ಬೀಳದಂತೆ ಕೊಡೆ ಹಿಡಿದು ನಿಂತ. ನೀರಿನ ತುಂಬ ಹಕ್ಕಿಗಳ ಗದ್ದಲ. ಹತ್ತು ಗಂಟೆಗೆ ನಿನ್ನ ಚಿತ್ರ ಒತ್ತಿದೆ.

ನೀನು ಬಂದೆ. ನಕ್ಕೆ. ಆಮೇಲೆ ನನ್ನ ಹೆಗಲ ಹಿಂದೆ ನೋಡಿದೆ. ಇಷ್ಟು ದಿನ ನಾನು ಅವರ ಹೆಗಲ ಹಿಂದಿರುತ್ತಿದ್ದೆನಲ್ಲ, ಇವತ್ತು ಅವರು ನನ್ನ ಹಿಂದಿರಬೇಕು ಎಂದುಕೊಂಡೆಯೇನೋ.

ಗಂಡನ ಹೆಸರು ಹೇಳಬಾರದೆಂದು ನಮಗೆ ಕಲಿಸಿದ್ದರು. ಇಷ್ಟು ವರ್ಷದಲ್ಲಿ ಒಮ್ಮೆಯೂ ನಾನು ಅದನ್ನು ಬಾಯಿಂದ ಆಡಿಲ್ಲ. ಅಂದು ಒಂದು ಬೆರಳೆತ್ತಿ, ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ತಳ್ಳಿ, ಮೊದಲ ಸಲ ಅವರ ಹೆಸರು ಹೇಳಿದೆ. ಆಮೇಲೆ ಮಣ್ಣು ಮಾಡುವಾಗ ಕೂಡಿಸುವಂತೆ ಕೂತ ಮನುಷ್ಯನನ್ನು ತೋರಿಸಿದೆ, ಎರಡೂ ಕೈಯಿಂದ ಮಣ್ಣು ತೆಗೆದು ಹಾಕಿ ತೋರಿಸಿದೆ. ನಿನಗೆ ತಿಳಿಯಲಿಲ್ಲ. ಅಜ್ಜ ಹೊಲದಲ್ಲಿ ಕೆಲಸ ಮಾಡುತ್ತಿದ್ದಾನಾ ಎಂದು ಕೇಳಿದೆ. ಕೆಲಸದ ಸನ್ನೆ ಹನ್ನೆರಡನೆಯ ಪಾಠದಲ್ಲಿತ್ತು, ನನಗೆ ಗೊತ್ತಾಯಿತು. ಅಲ್ಲ ಎಂದು ಕೈಯಾಡಿಸಿದೆ, ಮತ್ತೆ ಮಣ್ಣು ಹಾಕಿದೆ.

ಆಗ ನೀನು ನನ್ನ ಕೈ ನೋಡಿದೆ. ಕೈಯಲ್ಲಿ ಮಾತಾಡುವಾಗ ಕೈಯೇ ಎದುರಿಗಿರುತ್ತದಲ್ಲ. ಬಳೆ ಇರಲಿಲ್ಲ.

ನಿನ್ನ ಮುಖ ಬದಲಾದದ್ದನ್ನು ನಾನು ಬರೆಯುವುದಿಲ್ಲ. ನೀನು ಎರಡು ಅಂಗೈಗಳನ್ನು ಪಕ್ಕಪಕ್ಕ ಹಿಡಿದು, ಒಂದು ಮೇಲಕ್ಕೆ ಒಂದು ಕೆಳಕ್ಕೆ, ಮೆಲ್ಲಗೆ ಒಟ್ಟಿಗೆ ಮಗುಚಿದೆ. ಕೇಳುತ್ತಿದ್ದೆ. ಆ ಸನ್ನೆ ನಾನು ಕಂಡಿರಲಿಲ್ಲ, ಆದರೂ ತಿಳಿಯಿತು. ನಾನೂ ಮಾಡಿದೆ. ತಪ್ಪಾಯಿತು. ನೀನು ಅಲ್ಲ ಎಂದು ತಲೆಯಾಡಿಸಿ ಮತ್ತೆ ತೋರಿಸಿದೆ, ಅಜ್ಜನಿಗೆ ಕಲಿಸುತ್ತಿದ್ದಂತೆಯೇ, ನಿಧಾನವಾಗಿ. ಎರಡನೆಯದೂ ತಪ್ಪಿತು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನೀನು ಬಿಡಲಿಲ್ಲ. ಮೂರನೆಯ ಸಲ ಸರಿಯಾಯಿತು. ನಿನ್ನ ಭಾಷೆಯಲ್ಲಿ ನಿನ್ನಿಂದ ನಾನು ಕಲಿತ ಮೊದಲ ಮಾತು ಅದು.

ಆಮೇಲೆ ನೀನು, ಎಷ್ಟು ದಿನವಾಯಿತು ಎಂದು ಕೇಳಿದೆ. ನಾನು ಹತ್ತು, ಹತ್ತು, ಏಳು ಎಂದು ಬೆರಳು ತೋರಿಸಿದೆ. ನೀನು ಎದ್ದು ಹೋದೆ. ನಾನು ಖಾಲಿ ಕುರ್ಚಿಯನ್ನು ನೋಡುತ್ತ ಕೂತೆ. ಬ್ಯಾಟರಿ ಮುಗಿದು ಪರದೆ ಆರುವವರೆಗೆ ತಮ್ಮ ಕೊಡೆ ಹಿಡಿದೇ ಇದ್ದ.

ಮುಂದಿನ ಭಾನುವಾರ ನೀನು ಬರಲಿಲ್ಲ, ಅದರ ಮುಂದಿನ ವಾರ ಬಂದೆ. ಅಜ್ಜನಿಗೆ ಸಿಟ್ಟಿರಲಿಲ್ಲವಾ ಎಂದು ಕೇಳಿದೆ. ಇರಲಿಲ್ಲವೆಂದು ಹೇಳಿ, ನಾನು ಎದ್ದು ನಿಂತು ಎಮ್ಮೆಯ ಹಾಗೆ ನಡೆದು ತೋರಿಸಿದೆ, ಅವರು ತೋರಿಸಬೇಕೆಂದಿದ್ದಂತೆ. ನೀನು ನಕ್ಕೆಯೋ ಅತ್ತೆಯೋ, ಆ ಹಳೆಯ ಪರದೆಯಲ್ಲಿ ನನಗೆ ಸರಿಯಾಗಿ ಕಾಣಲಿಲ್ಲ. ಆಮೇಲೆ ನೀನು ಕೇಳಿದೆ, ಮೂರು ಭಾನುವಾರ ಏಕೆ ಬರಲಿಲ್ಲ ಎಂದು. ನಾನು ಲ್ಯಾಪ್‌ಟಾಪನ್ನು ತೋರಿಸಿ, ಕೆಟ್ಟಿತ್ತು ಎಂದೆ. ನೀನು ನಂಬಿದೆ.

ಅದು ತಾನಾಗಿ ಕೆಟ್ಟಿರಲಿಲ್ಲ. ನಾನು ಕೆಡಿಸಿದ್ದೆ. ಕೆಟ್ಟದ್ದು ತಿಳಿದ ಮೇಲೂ ಹತ್ತು ದಿನ ಸುಮ್ಮನಿದ್ದೆ, ಸಮಾಧಾನದಿಂದ ಸುಮ್ಮನಿದ್ದೆ. ಇಷ್ಟನ್ನು ಹೇಳಲು ಇಷ್ಟು ಹಾಳೆ ಬೇಕಾದವು.

ಅದು ಈಗ ಕಿಟಕಿಯ ಪಕ್ಕದ ಮೇಜಿನ ಮೇಲಿದೆ. ದಿನಾ ಒಮ್ಮೆ ಚಾಲೂ ಮಾಡುತ್ತೇನೆ. ಎಂದಾದರೂ ಅದರ ಹೊಟ್ಟೆ ಬಿಚ್ಚಿದರೆ ಒಳಗೆ ಅಕ್ಕಿಯ ಕಾಳಿನಷ್ಟು ಹಳದಿ ಪಟ್ಟಿ ಕಾಣುತ್ತದೆ. ಅದನ್ನು ಕೀಳಬೇಡಿ. ಈ ಹಾಳೆಗಳನ್ನು ಅಜ್ಜನ ನೋಟ್‌ಬುಕ್ಕಿನ ಜೊತೆ, ಇಬ್ಬರ ಕೈಗೂ ಎಟುಕುವಲ್ಲಿ ಜೋಪಾನವಾಗಿಡಿ. ನನ್ನ ಮೇಲೆ ಸಿಟ್ಟು ಬಂದ ದಿನ ತೆಗೆದು ಓದಿ, ಅಂಚು ಮಾಸಿದರೂ ಚಿಂತೆಯಿಲ್ಲ. ನಾನು ಹೋದ ಮೇಲೆ ಫೋಟೋದ ಪಕ್ಕ ಮಾತ್ರ ನಿಲ್ಲಿಸಬೇಡಿ. ಇವಕ್ಕೆ ವಿಭೂತಿ ಹಚ್ಚಬೇಡಿ.